ಸಾವಿನ ಮನೆಗೆ ಬ್ರೋಕರ್ ಹೋಗ್ಬೋದಾ? ಅನುಭವ ಇರೋರು ಹೇಳಿ

ಬೆಂಗಳೂರಲ್ಲಿ ಮನೆ-ಸೈಟು ಮಾರಿಸೋ ಬ್ರೋಕರ್ ಕೆಲ್ಸಕ್ಕೆ ಸೇರಿ 3 ತಿಂಗಳಾಯ್ತು. ಪೇಪರಲ್ಲಿ ಶ್ರದ್ಧಾಂಜಲಿ ನೋಡಿ ಅಡ್ರೆಸ್ ಬರ್ಕೋ, ವೈಕುಂಠ ಸಮಾರಾಧನೆಗೆ ಮುಂಚೆ ಹೋಗಿ ಕಾರ್ಡ್ ಕೊಟ್ಟು ಬಾ, ಇಲ್ಲಾಂದ್ರೆ ಬೇರೆಯವ್ರು ಹೊಡ್ಕೊಂಡು ಹೋಗ್ತಾರೆ ಅಂತಾರೆ ನಮ್ಮ ಓನರ್ರು. ನಂಗ್ಯಾಕೋ ಮನಸ್ಸು ಒಪ್ತಿಲ್ಲ. ನಿಮ್ಮನೇಲಿ ಹೀಗಾಗಿದ್ಯಾ?

*

ಆಗಿದೆ. ಅಪ್ಪ ಹೋಗಿ ಒಂಬತ್ತನೇ ದಿನ ಒಬ್ರು ಬಂದ್ರು. ಜಯನಗರದ ಹಳೇ ಮನೆ, 40×60 ಸೈಟು. ಅಪ್ಪನ ಸ್ನೇಹಿತ್ರಿರ್ಬೇಕು ಅಂತ ಅಮ್ಮ ಒಳಗೆ ಕರೆದ್ರು. ಫೋಟೋಗೆ ಕೈ ಮುಗಿದು ಕೂತ್ರು. ಸೂತಕದ ಮನೇಲಿ ನೆಂಟ್ರೇ ನೀರು ಮುಟ್ಟಲ್ಲ, ಈ ಮಹಾನುಭಾವ ಕಾಫಿ ಕುಡಿದು ಲೋಟ ಕೆಳಗಿಡ್ತಾ "ಮನೆ ಖಾತೆ ಯಾರ ಹೆಸ್ರಲ್ಲಿದೆ ಅಮ್ಮಾ?" ಅಂದ. ಅಮ್ಮ ಎಲ್ಲಾ ಹೇಳ್ಬಿಟ್ರು, ನಂಗೆ ಸಿಟ್ಟಿರೋದೇ ಅದಕ್ಕೆ, ಆ ದಿನಗಳಲ್ಲಿ ಯಾರು ಏನ್ ಕೇಳಿದ್ರೂ ಉತ್ರ ಕೊಡೋರು, ಹಾಲಿನವನಿಗೂ ಅಪ್ಪ ಹೇಗೆ ಹೋದ್ರು ಅಂತ ಮೊದಲಿಂದ ಹೇಳೋರು, ಅವ್ರಿಗೆ ಬೇಡ ಅನ್ನೋ ಶಕ್ತೀನೇ ಇರ್ಲಿಲ್ಲ.

*

ನಾನೂ ಬ್ರೋಕರ್ರೇ ತಮ್ಮಾ, 20 ವರ್ಷದ ಮೇಲಾಯ್ತು. ಅಷ್ಟು ಬೇಗ ಹೋಗಿ ಮಾಡೋದಾದ್ರೂ ಏನು? ವಿಲ್ ಇಲ್ದಿದ್ರೆ ಸತ್ತವ್ರು ತಾವೇ ದುಡಿದು ಮಾಡಿದ ಸ್ವಯಾರ್ಜಿತ ಮನೇಲಿ ಹೆಂಡ್ತಿ, ಗಂಡ್ಮಕ್ಳು, ಹೆಣ್ಮಕ್ಳು, ಅವ್ರ ತಾಯಿ ಬದುಕಿದ್ರೆ ಆಕೆ, ಎಲ್ರಿಗೂ ಸಮಪಾಲು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳೋದೇ ಅದು. ಡೆತ್ ಸರ್ಟಿಫಿಕೇಟ್ ಆಗ್ಬೇಕು, ನಾಡಕಚೇರಿಯಿಂದ ವಂಶವೃಕ್ಷ ತರ್ಬೇಕು, ಆಮೇಲೆ ಖಾತೆ ಬದಲಾವಣೆ, ಈಗಂತೂ ಇ-ಖಾತೆ ಬೇರೆ. ಹದಿಮೂರು ದಿನದೊಳಗೆ ಇದ್ಯಾವ್ದೂ ಮುಗಿಯಲ್ಲ. ಆದ್ರೂ ಓಡ್ತಾರೆ ಯಾಕೆ ಗೊತ್ತಾ, ಸಾಲದಲ್ಲಿರೋ ಒಬ್ಬ ಮಗನ್ನ ಹಿಡ್ದು ಕೈಗೆ ಅಡ್ವಾನ್ಸ್ ತುರುಕಿ ಅಗ್ರಿಮೆಂಟಿಗೆ ಸೈನ್ ಹಾಕಿಸ್ಕೊಳ್ಳೋಕೆ. ನಾನೂ ಒಂದ್ಸಲ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ. ಆ ಮಗನ ತಂಗಿ ಪಾಲು ಕೇಳಿ ಕೋರ್ಟಲ್ಲಿ ಪಾರ್ಟಿಷನ್ ಸೂಟ್ ಹಾಕಿದ್ಳು. ಅಣ್ಣ ತಂಗಿ ಈಗ್ಲೂ ಮಾತಾಡಲ್ಲ, ನಾನು ಆ ಬೀದಿಗೆ ಹೋಗೋದು ಬಿಟ್ಟೆ.

*

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಕೆಲವ್ರಿಗೆ ಮಾರ್ಲೇಬೇಕಿರತ್ತೆ. ನಮ್ಗೆ ಆಸ್ಪತ್ರೆ ಸಾಲ ಇತ್ತು. ಪರಿಚಯದ ಬ್ರೋಕರ್ ಒಬ್ರು ಬಂದಿದ್ದು ಎರಡು ತಿಂಗಳಾದ್ಮೇಲೆ, ಅದೂ ನಾವೇ ಫೋನ್ ಮಾಡಿದ್ಮೇಲೆ. ರೇಟ್ ಎಷ್ಟು ಅಂದ್ರೆ ಹೇಳ್ಲೇ ಇಲ್ಲ, "ಮೊದ್ಲು ಧಾರವಾಡದಿಂದ ಅಕ್ಕನ್ನ ಕರೆಸಿ, ಎಲ್ರೂ ಕೂತು ಮಾತಾಡಿ" ಅಂದ್ರು. ವಂಶವೃಕ್ಷಕ್ಕೆ ಅವ್ರೇ ಜೊತೇಲಿ ಬಂದು ಕ್ಯೂನಲ್ಲಿ ನಿಂತ್ರು. 2 ಪರ್ಸೆಂಟ್ ಕಮಿಷನ್ ಕೊಡುವಾಗ ಒಂಚೂರೂ ಬೇಜಾರಾಗ್ಲಿಲ್ಲ.