ಜರ್ಮನ್ ತತ್ವಶಾಸ್ತ್ರ: ಮೊದಲು ಯಾರನ್ನು ಓದಲಿ?

ತೋಟದ ರೈಟರ್, ಮೂಡಿಗೆರೆ:
ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಸಂಜೆ ಆಳುಗಳ ಹಾಜರಿ, ಬಟವಾಡೆ ಲೆಕ್ಕ ಮುಗಿದರೆ ಓದಲು ಬಿಡುವು. ಉಪನಿಷತ್ತುಗಳ ಪರಿಚಯ ಅಷ್ಟಿಷ್ಟು ಇದೆ. ಹೆಗೆಲ್‌ನ ದಪ್ಪ ಪುಸ್ತಕ ತಂದಿದ್ದೇನೆ. ಮುನ್ನುಡಿಯೇ ಕಬ್ಬಿಣದ ಕಡಲೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಮೇಷ್ಟ್ರು, ಹಾಸನ:
ಹೆಗೆಲ್ ಸದ್ಯ ಅಟ್ಟದ ಮೇಲಿರಲಿ. ಅವನು ಕಾಂಟ್‌ನೊಂದಿಗೆ ವಾದಕ್ಕೆ ನಿಂತವನು. ಕಾಂಟ್ ಹೇಳಿದ್ದೇನೆಂದು ತಿಳಿಯದೆ ಆ ವಾದ ತಲೆಗೆ ಹತ್ತದು. ಕಾಂಟ್ 1784ರಲ್ಲಿ ಬರೆದ ‘ಜ್ಞಾನೋದಯ ಎಂದರೇನು?’ ಪುಟ್ಟ ಪ್ರಬಂಧ, ಒಂದೇ ಸಂಜೆಗೆ ಮುಗಿಯುತ್ತದೆ. ಆಮೇಲೆ 1783ರ ‘ಪ್ರೊಲೆಗೊಮೆನಾ’. 1781ರ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಓದುಗರಿಗೆ ಜೀರ್ಣವಾಗಲಿಲ್ಲವೆಂದು ಅವನೇ ಮಾಡಿಕೊಟ್ಟ ಒಳದಾರಿ ಅದು. ದೇಶ (ನಾಡಲ್ಲ, ವಸ್ತುಗಳಿರುವ ಸ್ಥಳಾವಕಾಶ), ಕಾಲಗಳು ನಮ್ಮ ಗ್ರಹಿಕೆಯ ರೂಪಗಳು ಎನ್ನುವ ಭಾಗವನ್ನು ಎರಡು ಸಲ ಓದಿ. ಓದಿದೊಡನೆ ‘ಓಹೋ, ಮಾಯಾವಾದ’ ಎನ್ನಬೇಡಿ. ಕಾಂಟ್‌ಗೆ ಕಾಣುವ ಜಗತ್ತು ಸುಳ್ಳಲ್ಲ, ವಿಜ್ಞಾನ ನಿಂತಿರುವುದೇ ಅದರ ಮೇಲೆ.

ವಕೀಲೆ, ಚಿಕ್ಕಮಗಳೂರು:
ಉಪನಿಷತ್ತು ಬಲ್ಲವರಿಗೆ ಶೋಪೆನ್‌ಹಾವರ್ ಹತ್ತಿರ. ಮೊಘಲ್ ರಾಜಕುಮಾರ ದಾರಾ ಶಿಕೋಹ್ ಕಾಲದ ಪರ್ಷಿಯನ್ ಅನುವಾದದಿಂದ ಲ್ಯಾಟಿನ್‌ಗೆ ಹೋದ ಉಪನಿಷತ್ತುಗಳನ್ನು ಅವನು ಓದಿ ಮೆಚ್ಚಿದ್ದ. ಬರಹ ತಿಳಿಯಾಗಿದೆ, ಹೆಗೆಲ್‌ಗೆ ಬೈಗುಳವೂ ಧಾರಾಳವಾಗಿದೆ!

ತೋಟದ ರೈಟರ್:
ಮೇಷ್ಟ್ರೇ, ಕಾಂಟ್‌ಗಿಂತ ಮೊದಲು ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್‌ನನ್ನು ಓದಬೇಕೇ?

ನಿವೃತ್ತ ಮೇಷ್ಟ್ರು:
ಬೇಡ. ಕಾರ್ಯಕಾರಣದ ಬಗ್ಗೆ ಅವನೆತ್ತಿದ ಸಂದೇಹವನ್ನು ಕಾಂಟ್ ‘ಪ್ರೊಲೆಗೊಮೆನಾ’ದ ಪೀಠಿಕೆಯಲ್ಲೇ ವಿವರಿಸುತ್ತಾನೆ.