ಮುಂದಿನ ವಾರ ಲಾರಿ ಡ್ರೈವರ್ ಮೆಡಿಕಲ್, ಬಿಪಿ ಜಾಸ್ತಿ ಬಂದಿದೆ. ಏನು ಮಾಡಲಿ?

ಹೊಸ ಸ್ಟೇರಿಂಗ್
ಎಲ್ಲರಿಗೂ ನಮಸ್ಕಾರ. ಲಾರಿ ಕಲಿತು ಮುಗೀತು, ಕೆಲಸಕ್ಕೆ ಸೇರೋಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ವಯಸ್ಸು 34, ಕನ್ನಡಕ ಇದೆ. ಹೋದ ವಾರ ಸುಮ್ನೆ ಬಿಪಿ ನೋಡಿಸಿದೆ, 152/96 ಬಂತು. ಅವತ್ತಿಂದ ಅದೇ ಚಿಂತೆ. ಜೊತೆಯಲ್ಲಿ ಕಲಿತವನೊಬ್ಬ, ಫಾರಂನಲ್ಲಿ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಮಾಡು, ಅವತ್ತು ಬೆಳಿಗ್ಗೆ ನಮ್ಮಪ್ಪನ ಬಿಪಿ ಮಾತ್ರೆ ಒಂದು ನುಂಗಿ ಹೋಗು ಅಂತಿದ್ದಾನೆ. ಹಾಗೆ ಮಾಡಬಹುದಾ?

ಬಿಪಿ ಪಟ್ಟಿ
ಬೇರೆಯವರ ಮಾತ್ರೆ ಬೇಡವೇ ಬೇಡ. ಬಿಪಿ ಒಂದೇ ಸಲಕ್ಕೆ ಇಳಿದು ತಲೆ ಸುತ್ತಿದರೆ ಏನು ಮಾಡ್ತೀರಿ? ನನಗೆ ದಿನಾ ಬಿಪಿ ನೋಡೋದೇ ಕೆಲಸ. ಎಷ್ಟೋ ಜನ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು ತೋಳು ಚಾಚುತ್ತಾರೆ. ಆಗ ಜಾಸ್ತಿ ಬರದೆ ಇನ್ನೇನು ಬರುತ್ತದೆ? ಅರ್ಧ ಗಂಟೆ ಮೊದಲಿಂದ ಕಾಫಿ, ಸಿಗರೇಟ್ ಬಿಡಿ. ಯೂರಿನ್ ಸ್ಯಾಂಪಲ್ ಹೇಗೂ ಕೇಳುತ್ತಾರೆ, ಅದನ್ನು ಮೊದಲೇ ಕೊಟ್ಟು ಬನ್ನಿ, ತುಂಬಿದ ಮೂತ್ರಕೋಶಕ್ಕೂ ಬಿಪಿ ಏರುತ್ತದೆ. ಆಮೇಲೆ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, 5 ನಿಮಿಷ ಮಾತಾಡದೆ ಕೂತಿರಿ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕಟ್ಟಿ ಅಂತ ಧೈರ್ಯವಾಗಿ ಕೇಳಿ, ಚಿಕ್ಕದು ಕಟ್ಟಿದರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ.

ಅಲ್ಲಿವರೆಗೆ ಮನೆಯಲ್ಲಿ ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ. ಮನೆಯಲ್ಲೂ 135/85 ದಾಟುತ್ತಿದ್ದರೆ ಮೆಡಿಕಲ್‌ವರೆಗೆ ಕಾಯಬೇಡಿ, ಈಗಲೇ ಡಾಕ್ಟರ ಹತ್ತಿರ ಹೋಗಿ. ಮಾತ್ರೆಯಲ್ಲಿ ಹಿಡಿತದಲ್ಲಿರೋ ಬಿಪಿ ಇಟ್ಟುಕೊಂಡು ಲಾರಿ ಓಡಿಸೋರು ಬೇಕಾದಷ್ಟು ಜನ ಇದ್ದಾರೆ.

ರಾತ್ರಿ ಪಾಳಿ
ತಮ್ಮಾ, ಫಾರಂನಲ್ಲಿ ಸುಳ್ಳು ಬರೀಬೇಡ. ನಾನು ಬರೆದಿದ್ದೆ. ಗೊರಕೆ ಇದೆಯಾ, ಹಗಲು ತೂಕಡಿಕೆ ಬರುತ್ತಾ ಅಂತ ಕೇಳಿದ್ದರು, ಎರಡಕ್ಕೂ ಇಲ್ಲ ಅಂದೆ. ಕೆಲಸ ಸಿಕ್ಕಿತು. ಒಂದು ದಿನ ಬೆಳಗಿನ ಜಾವ, ನೇರ ರಸ್ತೆ, ನಾನು ಎಚ್ಚರವಾಗೇ ಇದ್ದೀನಿ ಅಂದುಕೊಂಡಿದ್ದೆ. ಚಕ್ರ ಜಲ್ಲಿ ಮೇಲೆ ಹತ್ತಿ ಬರಬರ ಅಂದಾಗಲೇ ಗೊತ್ತಾಗಿದ್ದು. ಮುಂದೆ ಒಂದು ಸೈಕಲ್ ಹೋಗುತ್ತಿತ್ತು. ಅದರ ಹಿಂದಿನ ಕೆಂಪು ದೀಪ ಈಗಲೂ ಕಣ್ಣ ಮುಂದೆ ಬರುತ್ತದೆ. ದೇವರ ದಯೆ, ಅವನಿಗೆ ಏನೂ ಆಗಲಿಲ್ಲ.

ಆಮೇಲೆ ನಿದ್ದೆ ಪರೀಕ್ಷೆ ಮಾಡಿಸಿದೆ. ಗಂಟೆಗೆ 30ಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುತ್ತಿತ್ತು. ಸ್ಲೀಪ್ ಆಪ್ನಿಯ ಅಂತಾರೆ, ಇದರಿಂದ ಬಿಪಿಯೂ ಏರುತ್ತದೆ, ಅದಕ್ಕೇ ನಿನಗೆ ಇಷ್ಟು ಹೇಳ್ತಿರೋದು. ಈಗ ಸಿಪ್ಯಾಪ್ ಮಾಸ್ಕ್ ಹಾಕಿ ಮಲಗುತ್ತೇನೆ, ಉಸಿರು ಕಟ್ಟದ ಹಾಗೆ ಒಂದು ಯಂತ್ರ ಅದರಲ್ಲಿ ಗಾಳಿ ಒತ್ತುತ್ತಿರುತ್ತದೆ. ರಾತ್ರಿಗೆ ಎಷ್ಟು ಗಂಟೆ ಹಾಕಿದ್ದೆ ಅಂತ ಆ ಯಂತ್ರದಲ್ಲೇ ದಾಖಲೆ ಇರುತ್ತದೆ, ಪ್ರತಿ ಮೆಡಿಕಲ್‌ಗೂ ಅದನ್ನೇ ತೋರಿಸಿ ಫಿಟ್ ಆಗ್ತಿದ್ದೀನಿ. ನೀನು ಗೊರಕೆ ಹೊಡೆಯುತ್ತೀಯಾ ಅಂತ ಮನೆಯವರನ್ನೇ ಕೇಳು, ನಮಗೆ ನಮ್ಮ ಗೊರಕೆ ಗೊತ್ತಾಗಲ್ಲ ಅಲ್ವಾ.

ಕ್ಲೀನರ್‌ನಿಂದ ಡ್ರೈವರ್
ಕನ್ನಡಕದ ಚಿಂತೆ ಬಿಡಿ. ಹಾಕಿಕೊಂಡೇ ಅಕ್ಷರ ಓದಿಸುತ್ತಾರೆ, ಪವರ್ ಹಳೆಯದಾಗಿದ್ದರೆ ಮೊದಲೇ ಬದಲಾಯಿಸಿ. ಪಕ್ಕದ ನೋಟ, ಕಿವಿ ನೋಡುತ್ತಾರೆ. ಬಣ್ಣದ ಚುಕ್ಕಿಗಳ ಮಧ್ಯೆ ಅಂಕಿ ಓದಿಸೋದೂ ಇರುತ್ತದೆ, ಇಶಿಹಾರಾ ಟೆಸ್ಟ್ ಅಂತ. ಕಾಣದೆ ಇದ್ದರೆ ಕಾಣಲ್ಲ ಅನ್ನಿ, ಊಹೆ ಮಾಡಬೇಡಿ. ಶುಗರ್‌ಗೆ ಇನ್ಸುಲಿನ್ ತಗೊಳ್ಳುತ್ತಿದ್ದರೆ ಅದನ್ನು ಹೇಳಲೇಬೇಕು, 70ಕ್ಕಿಂತ ಕೆಳಗೆ ಇಳಿದರೆ ಸ್ಟೇರಿಂಗ್ ಹಿಡಿದಿರುವಾಗಲೇ ಮಂಕು ಕವಿಯಬಹುದು. ಇನ್ನೊಂದು, ನೆಗಡಿ ಮಾತ್ರೆ ನುಂಗುತ್ತಿದ್ದರೆ ಅದರ ಹೆಸರೂ ಬರೆಯಿರಿ. ಕೆಲವು ಮಾತ್ರೆಗೆ ವಿಪರೀತ ನಿದ್ದೆ ಬರುತ್ತದೆ.

ಹೊಸ ಸ್ಟೇರಿಂಗ್
ತುಂಬಾ ಥ್ಯಾಂಕ್ಸ್. ಮೂರು ದಿನದಿಂದ ನೋಡಿ ಬರೆದಿದ್ದೀನಿ, 138/88ರ ಆಸುಪಾಸು ಬರ್ತಿದೆ. ಹೆಂಡತಿಯನ್ನು ಕೇಳಿದೆ, ಮಧ್ಯೆ ಮಧ್ಯೆ ಉಸಿರು ನಿಂತ ಹಾಗಾಗುತ್ತೆ, ನಾನೇ ಅಲ್ಲಾಡಿಸಿ ಎಬ್ಬಿಸ್ತೀನಿ ಅಂದಳು. ಇಷ್ಟು ದಿನ ಹೇಳೇ ಇರಲಿಲ್ಲ. ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗ್ತಿದ್ದೀವಿ. ಮೆಡಿಕಲ್ ಹದಿನೈದು ದಿನ ಮುಂದೆ ಹಾಕಿಸಿಕೊಂಡೆ.