ಸಹಾಯ ಬೇಕು: ಸಣ್ಣ ಘಟಕಗಳ ಹೊಸತನ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ತಿಪಟೂರು, ಗುಬ್ಬಿ ಕಡೆಯ ತೆಂಗಿನ ನಾರಿನ ಘಟಕಗಳಲ್ಲಿ ಹೊಸತನ ಎಷ್ಟಿದೆ ಅಂತ ಸರ್ವೆ ಮಾಡುತ್ತಿದ್ದೇನೆ. ಹೊಸತನ ಅಳೆಯೋಕೆ ಹಲವು ದೇಶಗಳು ಬಳಸುವ ಮಾರ್ಗದರ್ಶಿಯಾದ ಓಸ್ಲೊ ಕೈಪಿಡಿಯ 2018ರ ಆವೃತ್ತಿ ಪ್ರಕಾರ ಹೊಸತನ ಅನ್ನಿಸಿಕೊಳ್ಳೋಕೆ ಒಂದು ಬದಲಾವಣೆ ಜಗತ್ತಿಗೇ ಹೊಸದಾಗಬೇಕಿಲ್ಲ, ಆ ಘಟಕಕ್ಕೆ ಹೊಸದಾದರೂ ಸಾಕು, ಆದರೆ ಮೊದಲಿಗಿಂತ ಸಾಕಷ್ಟು ಬೇರೆಯಾಗಿರಬೇಕು, ಬಳಕೆಗೂ ಬಂದಿರಬೇಕು. ತೊಂದರೆ ಇಲ್ಲೇ. ಸಂಶೋಧನೆ ಖರ್ಚು, ಪೇಟೆಂಟ್ ಅಂತ ಕೇಳಿದರೆ ಎಲ್ಲರದ್ದೂ ಸೊನ್ನೆ. ಆದರೆ ಒಬ್ಬ ಮಾಲೀಕರು ಊರಿನ ವೆಲ್ಡರ್ ಕೈಲಿ ನಾರು ಬಿಡಿಸುವ ಯಂತ್ರದ ಹಲ್ಲುಗಳನ್ನೇ ಬದಲಾಯಿಸಿಕೊಂಡಿದ್ದಾರೆ, ಇನ್ನೊಬ್ಬರು ಮೊದಲು ಸುಮ್ನೆ ರಾಶಿ ಹಾಕುತ್ತಿದ್ದ ನಾರಿನ ಪುಡಿಯನ್ನು ಈಗ ಕೋಕೋಪಿಟ್ ಇಟ್ಟಿಗೆ ಮಾಡಿ ನರ್ಸರಿಗಳಿಗೆ ಮಾರುತ್ತಾರೆ. ಇವು ಲೆಕ್ಕಕ್ಕೆ ಬರಲೇಬೇಕು, ಅಲ್ವಾ? ಸರಿಯಾದ ಲೆಕ್ಕಪತ್ರ ಇಲ್ಲದ ಕಡೆ ಇಂಥದ್ದನ್ನು ಹೇಗೆ ಕೇಳಿ ಬರೆದುಕೊಳ್ಳಬೇಕು? ಕನ್ನಡದಲ್ಲಿ ಪ್ರಶ್ನೆಪಟ್ಟಿ ಮಾಡಿದವರಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಸಣ್ಣಪುಟ್ಟ ರಿಪೇರಿಗೂ ನಿಜವಾದ ಬದಲಾವಣೆಗೂ ನಡುವೆ ಗೆರೆ ಎಲ್ಲಿ ಎಳೆದಿರಿ ಅಂತಾನೂ ತಿಳಿಸಿ.